ಪಾನಾ ಹಿಡಿಯುವ ಕೈಗಳಿಗೆ ಒಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಚಾಲಕರಿಗೆ, ಆ ಟ್ರ್ಯಾಕ್ಟರುಗಳ ಮಾಲೀಕರಿಗೆ, ಹಾದಿಬದಿಯ ಪಂಕ್ಚರ್ ಅಂಗಡಿಯ ಅಣ್ಣತಮ್ಮಂದಿರಿಗೆ,



ಖಂಡೆ ಪೂಜೆ ಮುಗಿಯಿತು. ಗಾಲಿಗೆ ಕಟ್ಟಿದ್ದ ಚೆಂಡುಹೂವು ಒಣಗಿ ಉದುರುತ್ತಿದೆ. ಇನ್ನು ಕೆಲವೇ ದಿನಗಳಲ್ಲಿ ಕಾರ್ಖಾನೆಗಳ ಚಿಮಣಿ ಹೊಗೆ ಬಿಡುತ್ತವೆ, ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಗುಡಿಸಲು ಹಾಕುತ್ತವೆ, ಹೊಲದ ದಾರಿಯಿಂದ ಹೆದ್ದಾರಿಯವರೆಗೆ ನಿಮ್ಮ ಸಾಲು ಕಾಣತೊಡಗುತ್ತದೆ. ಒಬ್ಬರು ಉಗಾರಕ್ಕೆ, ಒಬ್ಬರು ಅಥಣಿಯ ಕೃಷ್ಣಾ ಕಾರ್ಖಾನೆಗೆ, ಒಬ್ಬರು ಚಿಕ್ಕೋಡಿಯ ದೂಧಗಂಗಾ ಕೃಷ್ಣಾಕ್ಕೆ, ಒಬ್ಬರು ನಿಪ್ಪಾಣಿಯ ಹಾಲಸಿದ್ಧನಾಥಕ್ಕೆ, ಇನ್ನೊಬ್ಬರು ಗಡಿ ದಾಟಿ ಕೊಲ್ಹಾಪುರ, ಸಾಂಗ್ಲಿ ಕಡೆಗೆ. ನಾಲ್ಕೈದು ತಿಂಗಳು ಈ ಐದು ತಾಲೂಕುಗಳ ರಸ್ತೆ ನಿಮ್ಮದೇ.

ಆ ಸಾಲು ಹೊರಡುವ ಮೊದಲು ಒಂದು ಸಣ್ಣ ಕೆಲಸದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿತು. ಗಾಲಿಯ ನಟ್ಟು ಬಿಗಿಯುವ ಕೆಲಸ.

‘ಇದನ್ನೇನ ಹೇಳಿಕೊಡತಾನಪಾ ಇಂವಾ? ಮೀಸಿ ಬರೋದಕಿಂತ ಮದಲ ಪಾನಾ ಹಿಡದೀವಿ’ ಎಂದು ನಿಮ್ಮಲ್ಲಿ ಯಾರಾದರೂ ನಗಬಹುದು. ನಗಲಿ. ನಾನೂ ಹದಿನಾಲ್ಕು ಹಂಗಾಮು ಸ್ಟೇರಿಂಗ್ ಹಿಡಿದವನು. ಯಾರಾದರೂ ನನಗೆ ನಟ್ಟಿನ ಪಾಠ ಹೇಳಲು ಬಂದಿದ್ದರೆ ನಾನೂ ಹೀಗೇ ನಗುತ್ತಿದ್ದೆ. ನನ್ನ ನಗು ನಿಂತ ದಿನವನ್ನು ಮೊದಲು ಹೇಳಿಬಿಡುತ್ತೇನೆ.

ಎಂಟು ವರ್ಷದ ಹಿಂದಿನ ಡಿಸೆಂಬರ್. ಕೃಷ್ಣೆಯ ದಂಡೆಯ ಎರೆಹೊಲ. ರಾತ್ರಿ ಹತ್ತರ ಹೊತ್ತಿಗೆ ಟ್ರಾಲಿಯ ಎಡಗಡೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಥಂಡಿ ಹಲ್ಲು ಕಡಿಯುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ನಾನೂ ಕ್ಲೀನರ್ ಹುಡುಗನೂ ಸೇರಿ ಸ್ಟೆಪ್ನಿ ಹಾಕಿದೆವು. ಹಬ್ಬಿನ ಮುಖಕ್ಕೆ ಎರೆಮಣ್ಣು ಮೆತ್ತಿಕೊಂಡಿತ್ತು; ಅಂಗೈಯಿಂದ ಒಮ್ಮೆ ಒರೆಸಿದಂತೆ ಮಾಡಿ ಡಿಸ್ಕು ಕೂರಿಸಿದೆ. ಹುಡುಗ ಪಾನಾದ ಮೇಲೆ ಹತ್ತಿ ನಿಂತು, ಒಂದರ ಪಕ್ಕದಲ್ಲಿ ಇನ್ನೊಂದು ಎಂಬಂತೆ ಸುತ್ತಲೂ ಬಿಗಿದುಕೊಂಡು ಬಂದ.

“ಬಿಗಿ ಆತೇನೋ?”

“ಆತ್ರಿ ಕಾಕಾ, ಕಲ್ಲ ಆಗೇತಿ.”

ಕಲ್ಲಾಗಿದ್ದು ಸುಳ್ಳಲ್ಲ. ಆ ರಾತ್ರಿಯ ಮಟ್ಟಿಗೆ ಕಲ್ಲೇ ಆಗಿತ್ತು. ಕಾರ್ಖಾನೆ ಮುಟ್ಟಿದೆವು, ಕಾಟಾ ಆಯಿತು, ಖಾಲಿ ಮಾಡಿಕೊಂಡು ಬಂದೆವು, ಮರುದಿನ ಮತ್ತೆ ಹೇರಿಕೊಂಡು ಹೊರಟೆವು. ಈ ನಡುವೆ ಆ ನಟ್ಟುಗಳ ಕಡೆ ನಾನು ತಿರುಗಿಯೂ ನೋಡಲಿಲ್ಲ. ಬಿಗಿದಾಗಿದೆಯಲ್ಲ, ಇನ್ನೇನು ನೋಡುವುದು?

ಚಿಕ್ಕೋಡಿ–ಮಿರಜ್ ರಸ್ತೆಗೆ ಬಂದಾಗ ಹಿಂದಿನಿಂದ ಕಟ್ ಕಟ್ ಎಂಬ ಸಪ್ಪಳ ಕೇಳಿಸಿದಂತಾಯಿತು. ಹುಡುಗ ಹಾಡಿನ ಸಪ್ಪಳ ಕಡಿಮೆ ಮಾಡಿದ. ‘ಟ್ರಾಲಿ ಕೊಂಡಿ ಬಡಿಯಾಕ್ಹತ್ತೇತಿ, ಹಚ್ಚೋ ಹಾಡ’ ಎಂದೆ. ಮತ್ತೆ ಎರಡು ಕಿಲೋಮೀಟರು ಹೋಗಿರಬಹುದು. ಟ್ರಾಲಿ ಎಡಕ್ಕೆ ವಾಲಿತು, ಕಬ್ಬಿಣ ಡಾಂಬರನ್ನು ಕೆರೆಯುವ ಸಪ್ಪಳ ಬಂತು. ಬ್ರೇಕು ತುಳಿದೆ. ತುಳಿದಾಗ ಎಡಗಣ್ಣಿನ ಅಂಚಿನಲ್ಲಿ ಒಂದು ಗಾಲಿ ನನ್ನನ್ನು ದಾಟಿ ಮುಂದೆ ಹೊರಟಿದ್ದು ಕಂಡಿತು. ಯಾರದೋ ಗಾಲಿ ಹೊಂಟೈತಲ್ಲ ಎಂದುಕೊಂಡೆ. ಅದು ನನ್ನದೇ ಗಾಲಿ.

ನಾನು ನಿಂತೆ, ಅದು ನಿಲ್ಲಲಿಲ್ಲ. ಕಳಚಿದ ಗಾಲಿಗೆ ಬ್ರೇಕಿಲ್ಲ, ಸ್ಟೇರಿಂಗಿಲ್ಲ. ಗಾಡಿಯ ಓಟವನ್ನು ಹಾಗೇ ಹೊತ್ತುಕೊಂಡು ಓಡುತ್ತದೆ, ಇಳುಕಲು ಸಿಕ್ಕರೆ ಇನ್ನಷ್ಟು ಜೋರಾಗುತ್ತದೆ. ಅದು ರಸ್ತೆ ದಾಟಿ ಒಂದು ಚಹಾ ಹೊಟೇಲಿನ ಮುಂದಿನ ಬೆಂಚಿಗೆ ಬಡಿಯಿತು. ಬೆಂಚು ಎರಡು ತುಂಡಾಯಿತು. ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಇಬ್ಬರು ಮುದುಕರು ಬಸ್ಸು ಬಂತೆಂದು ಆಗಷ್ಟೇ ಎದ್ದು ಹೋಗಿದ್ದರಂತೆ. ಹೊಟೇಲಿನವನು ನನ್ನನ್ನು ಬೈಯಲಿಲ್ಲ. ನನ್ನ ಕೈ ನಡುಗುವುದನ್ನು ನೋಡಿ ಒಂದು ಗ್ಲಾಸು ನೀರು ಕೊಟ್ಟ. ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಹಬ್ ನೋಡಿದೆ. ಎಂಟು ಬೋಲ್ಟುಗಳಲ್ಲಿ ಮೂರು ಕತ್ತರಿಸಿದಂತೆ ಮುರಿದಿದ್ದವು. ಉಳಿದ ಐದರ ಮೇಲೆ ನಟ್ಟೇ ಇರಲಿಲ್ಲ, ಮರೆ ಸವೆದು ನುಣ್ಣಗಾಗಿತ್ತು. ದುಂಡಗಿದ್ದ ಡಿಸ್ಕಿನ ತೂತುಗಳು ತತ್ತಿಯ ಆಕಾರಕ್ಕೆ ತಿರುಗಿದ್ದವು. ಪಂಕ್ಚರ್ ಅಂಗಡಿಯವನನ್ನು ಬೈಯೋಣವೆಂದರೆ ಅವನು ಬಂದೇ ಇರಲಿಲ್ಲ. ಹುಡುಗನನ್ನು ಬೈಯೋಣವೆಂದರೆ ಅವನಿಗೆ ಕಲಿಸಿದವನು ನಾನೇ. ತಪ್ಪು ಪೂರ್ತಿ ನನ್ನದು.

ಬಂಧುಗಳೇ, ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡಿತು. ಕಲ್ಲಿನಂತೆ ಬಿಗಿದ ನಟ್ಟು ತಾನಾಗಿ ಹೇಗೆ ಸಡಿಲಾಗುತ್ತದೆ? ಗ್ಯಾರೇಜಿನ ಮಿಸ್ತ್ರಿಗಳನ್ನು ಕೇಳಿದೆ, ಟ್ರ್ಯಾಕ್ಟರಿನ ಜೊತೆ ಬಂದು ಪೆಟ್ಟಿಗೆಯಲ್ಲೇ ಉಳಿದಿದ್ದ ಪುಸ್ತಕ ತೆಗೆದು ಓದಿಸಿಕೊಂಡೆ. ಉತ್ತರ ಸಿಕ್ಕಾಗ ನಾಚಿಕೆಯಾಯಿತು. ಅದು ನನಗೂ ನಿಮಗೂ ಮೊದಲೇ ಗೊತ್ತಿರುವ ವಿಷಯವೇ.

ಕಬ್ಬು ಹೇರಿದ ಮೇಲೆ ಹಗ್ಗ ಬಿಗಿಯುತ್ತೀರಿ. ಹೊಲದ ದಾರಿಯಲ್ಲಿ ನಾಲ್ಕು ಸಲ ಕುಲುಕಿದ ಮೇಲೆ ಹೇರು ಕೂಡುತ್ತದೆ, ಹಗ್ಗ ಜೋಲುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ನಿಲ್ಲಿಸಿ, ಇಳಿದು, ಎರಡನೇ ಸಲ ಬಿಗಿಯುತ್ತೀರಿ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಗ್ಗ ಗಟ್ಟಿಯಿದ್ದರೆ ಸಾಲದು, ಹಗ್ಗ ಎಳೆದುಕೊಂಡಿರಬೇಕು. ಆ ಎಳೆತವೇ ಹೇರನ್ನು ಹಿಡಿದಿರುತ್ತದೆ ಎಂಬುದು ನಿಮ್ಮ ಕೈಗೆ ಗೊತ್ತು.

ಗಾಲಿಯ ಬೋಲ್ಟು ಕೂಡ ಒಂದು ಹಗ್ಗವೇ. ಉಕ್ಕಿನ ಹಗ್ಗ. ನಟ್ಟು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಹಿಂದಕ್ಕೆ ಎಳೆಯುತ್ತದೆ, ಆ ಎಳೆತ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಹೇರಿನ ಭಾರವನ್ನು ಹೊರುವುದು ಈ ಒತ್ತಿಗೆಯಿಂದ ಹುಟ್ಟುವ ಘರ್ಷಣೆ. ಡಿಸ್ಕಿಗೂ ಹಬ್ಬಿಗೂ ನಡುವೆ ಮಣ್ಣು, ತುಕ್ಕು ಅಥವಾ ಹೊಸ ಬಣ್ಣದ ಪದರ ಇದ್ದರೆ ಓಡಾಟದಲ್ಲಿ ಅದು ಅರೆದು ಪುಡಿಯಾಗಿ ಉದುರುತ್ತದೆ. ಉದುರಿದ ಪದರ ಕೂದಲೆಳೆಯಷ್ಟಿದ್ದರೂ ಸಾಕು, ಉಕ್ಕಿನ ಹಗ್ಗ ಜೋಲುತ್ತದೆ. ನಮ್ಮ ಎರೆಮಣ್ಣು ಎಷ್ಟು ದಪ್ಪ ಮೆತ್ತಿಕೊಳ್ಳುತ್ತದೆ ಎಂದು ನಾನು ನಿಮಗೆ ಹೇಳಬೇಕೆ?

ಒತ್ತಿಗೆ ಹೋದ ಮೇಲೆ ಡಿಸ್ಕು ಹಬ್ಬಿನ ಮೇಲೆ ಅಲುಗಾಡುತ್ತದೆ. ಗಾಲಿ ಒಂದು ಸುತ್ತು ಸುತ್ತಿದರೆ ಪ್ರತಿ ಬೋಲ್ಟೂ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ. ತಂತಿಯ ತುಂಡನ್ನು ಹತ್ತಾರು ಸಲ ಅತ್ತಿತ್ತ ಮಣಿಸಿ ಮುರಿಯುತ್ತೀರಲ್ಲ, ಹಾಗೆ ಬೋಲ್ಟು ದಣಿದು ಮುರಿಯುತ್ತದೆ. ಒಂದು ಮುರಿದರೆ ಅದರ ಪಾಲಿನ ಭಾರ ಮಗ್ಗುಲಿನದರ ಮೇಲೆ ಬೀಳುತ್ತದೆ. ಮೂರನೆಯದು ಮುರಿದ ಮೇಲೆ ಉಳಿದವುಗಳಿಗೆ ಹೆಚ್ಚು ಹೊತ್ತಿಲ್ಲ. ಹೇರು ಮಿತಿಗಿಂತ ಜಾಸ್ತಿಯಿದ್ದರೆ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ.

ಹಗ್ಗವನ್ನು ಎರಡು ಸಲ ಬಿಗಿಯುವ ನಾವು ನಟ್ಟನ್ನು ಒಂದೇ ಸಲ ಬಿಗಿಯುತ್ತೇವೆ. ನನ್ನ ತಪ್ಪು ಇಷ್ಟೇ. ಈ ಪತ್ರದಲ್ಲಿ ನಾನು ಕೇಳುವುದೂ ಮುಖ್ಯವಾಗಿ ಇಷ್ಟೇ: ನಟ್ಟಿಗೂ ಎರಡನೇ ಸಲ ಕೈ ಹಚ್ಚಿರಿ.

ನಮ್ಮಪ್ಪ ಚಕ್ಕಡಿ ಹೊಡೆಯುತ್ತಿದ್ದ. ಕಟ್ಟಿಗೆಯ ಗಾಲಿ, ಕಬ್ಬಿಣದ ಹಳಿ. ಗಾಲಿ ಅಚ್ಚಿನಿಂದ ಕಳಚದಂತೆ ಅಚ್ಚಿನ ತುದಿಗೆ ಒಂದು ಕಡಾಣಿ. ಎಲ್ಲಿಗೇ ಹೊರಡಲಿ, ಎತ್ತಿಗೆ ನೀರು ತೋರಿಸಿದ ಮೇಲೆ ಅವನು ಎರಡೂ ಕಡಾಣಿಗಳನ್ನು ಕೈಯಿಂದ ಅಲುಗಾಡಿಸಿ ನೋಡುತ್ತಿದ್ದ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವಾಗ ದಾರಿಯಲ್ಲಿ ಎಲ್ಲಿ ನೊಗ ಇಳಿಸಿದರೂ, ಮತ್ತೆ ಹೂಡುವ ಮೊದಲು ಒಮ್ಮೆ ಕಡಾಣಿಗೆ ಕೈ. ನಾವು ಹುಡುಗರು, ‘ಅಪ್ಪಾ, ಈಗರ ನೋಡೀದಲ್ಲ?’ ಎಂದರೆ, ‘ಆಗ ನೋಡಿದ್ದು ಆಗಿನ ಹಾದಿಗೆ’ ಎನ್ನುತ್ತಿದ್ದ. ಸಾವಿರ ವರ್ಷದ ಹಿಂದೆ ಮುದೆನೂರಿನ ಜೇಡರ ದಾಸಿಮಯ್ಯ ಒಂದು ವಚನದಲ್ಲಿ ಶರಣರ ಮಾತನ್ನು ಬಂಡಿಯ ಕಡೆಗೀಲಿಗೆ ಹೋಲಿಸಿದ್ದಾನೆ. ಸೊಕ್ಕೇರಿದ ದೇಹವೆಂಬ ಬಂಡಿ ಉರುಳದಂತೆ ಹಿಡಿಯುವ ಕೀಲು ಅದು. ಮಗ್ಗದ ಮುಂದೆ ಕುಳಿತ ನೇಕಾರನಿಗೂ ಆ ತುಂಡು ಕೀಲಿನ ಬೆಲೆ ಗೊತ್ತಿತ್ತು. ಚಕ್ಕಡಿ ಹೋಗಿ ಟ್ರಾಲಿ ಬಂತು. ಕಡಾಣಿ ಹೋಗಿ ನಟ್ಟು ಬಂತು. ಕಡಾಣಿಗೆ ಕೈ ಹಚ್ಚುವ ರೂಢಿ ಮಾತ್ರ ನಡುವೆ ಎಲ್ಲೋ ಉದುರಿಬಿತ್ತು.

ಈಗ ಕೆಲಸದ ಮಾತು. ಚಾಲಕ ಬಂಧುಗಳೇ, ಗಾಲಿ ಬಿಚ್ಚಿ ಹಾಕುವಾಗ ಇವಿಷ್ಟನ್ನು ದಯವಿಟ್ಟು ನಡೆಸಿಕೊಡಿ.

ಮೊದಲು ಸ್ವಚ್ಛ. ಹಬ್ಬಿನ ಮುಖ, ಡಿಸ್ಕಿನ ಹಿಂಬದಿ, ನಟ್ಟು ಕೂಡುವ ಜಾಗ, ಈ ಮೂರನ್ನೂ ತಂತಿ ಬ್ರಶ್ಶಿನಿಂದ ತಿಕ್ಕಿ ಬರೀ ಲೋಹ ಕಾಣುವಂತೆ ಮಾಡಿ. ಹಂಗಾಮಿಗೆಂದು ಟ್ರಾಲಿಗೆ ಹೊಸ ಬಣ್ಣ ಹೊಡೆಸಿದ್ದರೆ ಇನ್ನೂ ಎಚ್ಚರ. ಡಿಸ್ಕು–ಹಬ್ಬು ಕೂಡುವ ಜಾಗದಲ್ಲಿ ದಪ್ಪ ಬಣ್ಣ ಇರಬಾರದು. ಚೆಂದ ಕಾಣಲಿ ಎಂದು ಹೊಡೆಸಿದ ಬಣ್ಣವೇ ನಟ್ಟು ಸಡಿಲಿಸುತ್ತದೆ.

ಎರಡನೆಯದು, ನಟ್ಟನ್ನು ಬೆರಳಿನಿಂದಲೇ ಹಚ್ಚಿ. ಬೆರಳಿಗೆ ಸಲೀಸಾಗಿ ತಿರುಗದ ನಟ್ಟಿನ ಮರೆ ಕೆಟ್ಟಿದೆ ಎಂದರ್ಥ, ಅದನ್ನು ಬದಲಿಸಿ. ನಟ್ಟಿನ ಒಂದು ಮುಖ ಇಳಿಜಾರಾಗಿದ್ದರೆ ಆ ಮುಖ ಡಿಸ್ಕಿನ ಕಡೆಗೆ ಬರಬೇಕು. ಕತ್ತಲೆಯಲ್ಲಿ, ಅವಸರದಲ್ಲಿ ತಿರುವಿ ಹಾಕಿದವರನ್ನು ನಾನು ನೋಡಿದ್ದೇನೆ. ಹಳೆಯ ಕೆಲವು ಲಾರಿಗಳಲ್ಲಿ ಎಡಬದಿಯ ಗಾಲಿಗೆ ಉಲ್ಟಾ ಮರೆ ಇರುತ್ತದೆ. ಗೊತ್ತಿಲ್ಲದೆ ಬಿಗಿಯಲು ಹೋಗಿ ಬಿಚ್ಚಿಬಿಟ್ಟೀರಿ.

ಮೂರನೆಯದು, ಎದುರುಬದುರು ಬಿಗಿಯಿರಿ. ನಮ್ಮ ಹುಡುಗ ಮಾಡಿದಂತೆ ಸುತ್ತುವರಿದು ಬಿಗಿದರೆ ಡಿಸ್ಕು ಒಂದು ಮಗ್ಗುಲಿಗೆ ಓರೆಯಾಗಿ ಕೂಡುತ್ತದೆ. ಮೇಲಿನದು ಆದ ಮೇಲೆ ಕೆಳಗಿನದು, ಎಡದ್ದಾದ ಮೇಲೆ ಬಲದ್ದು. ಅದೂ ಒಂದೇ ಏಟಿಗೆ ಬೇಡ, ಎರಡು ಮೂರು ಸುತ್ತಿನಲ್ಲಿ. ಗಾಲಿ ಜ್ಯಾಕಿನ ಮೇಲೆ ಎದ್ದಿರುವಾಗ ಡಿಸ್ಕು ನೆಟ್ಟಗೆ ಕೂಡುವಷ್ಟು ಬಿಗಿಯಿರಿ. ಕೊನೆಯ ಬಿಗಿ ಗಾಲಿ ನೆಲಕ್ಕೆ ತಾಗಿದ ಮೇಲೆ.

ನಾಲ್ಕನೆಯದು, ಎಷ್ಟು ಬಿಗಿ ಎಂಬ ಲೆಕ್ಕ. ಒಂದು ಮೀಟರ್ ಉದ್ದದ ಪಾನಾದ ತುದಿಗೆ 10 ಕೆ.ಜಿ. ತೂಗುಬಿಟ್ಟರೆ ನಟ್ಟಿನ ಮೇಲೆ ಬೀಳುವ ತಿರುಚು ಸುಮಾರು 98 ನ್ಯೂಟನ್ ಮೀಟರ್. ಸಣ್ಣ ಕಾರಿನ ನಟ್ಟಿಗೆ ಹೆಚ್ಚುಕಡಿಮೆ ಅಷ್ಟು ಸಾಕು. ದೊಡ್ಡ ಲಾರಿಗಳಿಗೆ ಅದು 600ರ ಆಚೀಚೆ ಬೇಕಾಗುತ್ತದೆ. ಈಗ ನೀವೇ ಲೆಕ್ಕ ಹಾಕಿ: 60 ಕೆ.ಜಿ. ತೂಕದ ಹುಡುಗ ಅರ್ಧ ಮೀಟರ್ ಪಾನಾದ ಮೇಲೆ ನಿಂತರೆ ಸುಮಾರು 295, ಅದೇ ಹುಡುಗ ಪಾನಾಕ್ಕೆ ಪೈಪು ಸಿಗಿಸಿ ಒಂದು ಮೀಟರ್ ಮಾಡಿಕೊಂಡು ನಿಂತರೆ ಸುಮಾರು 590. ಮೇಲೆ ಜಿಗಿದರೆ ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಡಿಮೆಯಾದರೆ ನಟ್ಟು ಸಡಿಲಾಗುತ್ತದೆ. ಅತಿಯಾದರೆ ಬೋಲ್ಟು ಹಿಗ್ಗಿ ಮತ್ತೆ ತನ್ನ ಅಳತೆಗೆ ಮರಳದೆ ಸತ್ತುಹೋಗುತ್ತದೆ, ಜಗ್ಗಿದ ರಬ್ಬರಿನಂತೆ. ಎರಡರ ಕೊನೆಯೂ ಒಂದೇ. ‘ನನ್ನ ಕೈಗೇ ಗೊತ್ತಾಗ್ತೈತಿ’ ಎಂಬ ಮಾತನ್ನು ನಾನೂ ಆಡುತ್ತಿದ್ದೆ. ಬೆಳಿಗ್ಗೆ ಉಂಡು ಬಂದ ಕೈ ಬೇರೆ, ಮೂರನೇ ಖೇಪಿನ ನಡುರಾತ್ರಿಯ ಕೈ ಬೇರೆ. ಟ್ರ್ಯಾಕ್ಟರಿಗೆ ಅದರ ಪುಸ್ತಕದಲ್ಲಿ ಅಳತೆ ಬರೆದಿರುತ್ತದೆ. ಟ್ರಾಲಿಗೆ, ಅದನ್ನು ಕಟ್ಟಿಕೊಟ್ಟವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೋಲ್ಟಿನ ದಪ್ಪ, ತಲೆಯ ಮೇಲೆ ಅಚ್ಚೊತ್ತಿದ 8.8 ಅಥವಾ 10.9 ಎಂಬ ಗುರುತು ನೋಡಿ ತಿಳಿದವರು ಹೇಳಬಲ್ಲರು. ಮರೆಗೆ ಎಣ್ಣೆ, ಗ್ರೀಸು ಹಚ್ಚುವ ಮೊದಲೂ ಕೇಳಿ. ಒಣ ಮರೆಗೆ ಹೇಳಿದ ಅಳತೆಯನ್ನು ಎಣ್ಣೆ ಹಚ್ಚಿದ ಮರೆಗೆ ಬಳಸಿದರೆ ಬೋಲ್ಟು ಮಿತಿಮೀರಿ ಜಗ್ಗುತ್ತದೆ.

ಐದನೆಯದು, ನಾನು ತಪ್ಪಿದ್ದು. ಗಾಲಿ ಹಾಕಿ 50ರಿಂದ 100 ಕಿಲೋಮೀಟರ್ ಓಡುವುದರೊಳಗೆ ಎಲ್ಲ ನಟ್ಟುಗಳನ್ನೂ ಅದೇ ಅಳತೆಗೆ ಮತ್ತೊಮ್ಮೆ ಬಿಗಿದು ನೋಡಿ. ಸಡಿಲಿಸಿ ಬಿಗಿಯುವುದು ಬೇಡ, ಇದ್ದಂತೆಯೇ ಪಾನಾ ಹಚ್ಚಿ ನೋಡಿದರೆ ಸಾಕು. ನಮ್ಮ ಹೊಲದ ದಾರಿಗಳ ಗುಂಡಿಗೆ, ನಮ್ಮ ಹೇರಿಗೆ, ಮೊದಲ ಖೇಪು ಮುಗಿದ ಕೂಡಲೇ ನೋಡುವುದು ಇನ್ನೂ ಒಳ್ಳೆಯದು.

‘ಟೈಮ್ ಎಲ್ಲೈತ್ರಿ?’ ಎನ್ನುತ್ತೀರಿ. ಇದೆ. ಪ್ರತಿ ಗಾಲಿಗೆ ಎಂಟು ನಟ್ಟು, ನಾಲ್ಕು ಗಾಲಿಯ ಎರಡು ಟ್ರಾಲಿ ಎಂದು ಹಿಡಿದರೆ 64 ನಟ್ಟು. ಒಂದಕ್ಕೆ ಹತ್ತು ಸೆಕೆಂಡು ಹಿಡಿದರೂ ಹನ್ನೊಂದು ನಿಮಿಷದೊಳಗೆ ಮುಗಿಯಿತು. ಕಾರ್ಖಾನೆಯ ಯಾರ್ಡಿನಲ್ಲಿ ಸರದಿಗಾಗಿ ತಾಸುಗಟ್ಟಲೆ ಕಾಯುತ್ತೀರಿ. ಆ ಹೊತ್ತಿನಲ್ಲಿ ಹನ್ನೊಂದು ನಿಮಿಷ ಗಾಲಿಗೆ ಕೊಡಿ.

ದಿನಾ ಪಾನಾ ಹಚ್ಚಲು ಆಗದಿದ್ದರೆ ಒಂದು ಸುಲಭದ ದಾರಿಯಿದೆ. ನಟ್ಟು ಸರಿಯಾಗಿ ಬಿಗಿದ ಮೇಲೆ, ನಟ್ಟಿನಿಂದ ಡಿಸ್ಕಿನವರೆಗೆ ಒಂದು ಬಿಳಿ ಗೆರೆ ಎಳೆಯಿರಿ. ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಣ್ಣವೂ ಆದೀತು. ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ. ಹೊರದೇಶದ ಲಾರಿಗಳಲ್ಲಿ ನಟ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ ಬಾಣಗಳನ್ನು ಸಿಗಿಸಿರುತ್ತಾರೆ. ಅವೂ ಹೇಳುವುದು ಇದನ್ನೇ. ಗೆರೆ ನೋಡಲು ಪಾನಾ ಬೇಡ, ಬಗ್ಗಿದರೆ ಸಾಕು. ಆದರೆ ಗೆರೆ ಕೂಡಿದೆ ಎಂದ ಮಾತ್ರಕ್ಕೆ ಬಿಗಿ ಇದೆ ಎಂದು ನಂಬಿ ಕೂರಬೇಡಿ. ಮಣ್ಣು ಉದುರಿ ಒತ್ತಿಗೆ ಹೋದಾಗ ನಟ್ಟು ಇದ್ದಲ್ಲೇ ಇರಬಹುದು. ಮೊದಲ ಖೇಪಿನ ಪಾನಾ ಪಾನಾವೇ. ಗೆರೆ ಅದರ ಮೇಲಿನ ಕಾವಲು.

ನಟ್ಟು ಸಡಿಲಾದಾಗ ಗಾಲಿ ಸುಮ್ಮನಿರುವುದಿಲ್ಲ, ಹೇಳುತ್ತದೆ. ನಟ್ಟಿನ ಬುಡದಿಂದ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ಗೆರೆಗಳು ಹರಡುತ್ತವೆ. ನಟ್ಟಿನ ಸುತ್ತ ಲೋಹ ತಿಕ್ಕಿ ಹೊಳೆಯುತ್ತದೆ. ನಿಧಾನ ಹೋಗುವಾಗ ಕಟ್ ಕಟ್ ಎನ್ನುತ್ತದೆ. ನನ್ನ ಗಾಲಿ ಎರಡು ಕಿಲೋಮೀಟರು ನನ್ನನ್ನು ಕೂಗಿ ಕರೆದಿತ್ತು. ನಾನು ಹಾಡು ಹಚ್ಚಿಸಿದೆ. ನಿಮ್ಮ ಹಾಡಿಗೆ ನಾನು ಕಲ್ಲು ಹಾಕುವುದಿಲ್ಲ. ನಡುರಾತ್ರಿ ಒಬ್ಬನೇ ಹೊಡೆಯುವವನಿಗೆ ನಿದ್ದೆ ಓಡಿಸುವ ಗೆಳೆಯ ಅದು ಎಂದು ಬಲ್ಲೆ. ಪ್ರತಿ ಊರು ದಾಟಿದ ಮೇಲೆ ಒಂದೆರಡು ನಿಮಿಷ ಹಾಡು ನಿಲ್ಲಿಸಿ, ಗಾಡಿಯ ಮಾತು ಕೇಳಿ. ಇಷ್ಟೇ ಕೋರಿಕೆ. ನಿಪ್ಪಾಣಿ ಕಡೆಯವರು ತವಂದಿ ಘಾಟು ಇಳಿಯುವ ಮೊದಲು ತಪ್ಪದೆ ಕೇಳಿ. ಇಳಿಜಾರಿನಲ್ಲಿ ಕಳಚಿದ ಗಾಲಿಯನ್ನು ಹಿಡಿಯುವವರು ಯಾರೂ ಇಲ್ಲ.

ಸಡಿಲಾದ ನಟ್ಟು ಸಿಕ್ಕರೆ ಬಿಗಿದುಕೊಂಡು ಹೊರಟುಬಿಡಬೇಡಿ. ಡಿಸ್ಕಿನ ತೂತು ದುಂಡಗಿದೆಯೇ ನೋಡಿ. ಉದ್ದವಾಗಿದ್ದರೆ ಆ ಡಿಸ್ಕು ಮುಗಿಯಿತು. ಒಂದು ಬೋಲ್ಟು ಮುರಿದಿದ್ದರೆ ಅದರ ಎರಡೂ ಮಗ್ಗುಲಿನವನ್ನು ಕೂಡ ಬದಲಿಸಿ, ಅವೂ ದಣಿದಿರುತ್ತವೆ. ಎರಡು ಅಥವಾ ಹೆಚ್ಚು ಮುರಿದಿದ್ದರೆ ಆ ಗಾಲಿಯ ಎಲ್ಲವನ್ನೂ. ‘ಎಂಟರಾಗ ಒಂದ ಹೋದ್ರ ಏನ ಆಗಂಗಿಲ್ಲ’ ಎನ್ನುವವನಿಗೆ, ಮುರಿದದ್ದು ಒಂದು, ಹೊರಟು ನಿಂತದ್ದು ಏಳು ಎಂದು ಹೇಳಿ.

ಪಂಕ್ಚರ್ ಅಂಗಡಿಯ ಅಣ್ಣತಮ್ಮಂದಿರೇ, ಈಗ ನಿಮಗೆ. ಗಡಿಬಿಡಿಯ ರಾತ್ರಿಗಳಲ್ಲಿ ನಮ್ಮನ್ನು ದಡ ಮುಟ್ಟಿಸುವವರು ನೀವು. ನಿಮ್ಮ ಗಾಳಿ ಗನ್ನು ಗರ್ರೆಂದು ಅರೆನಿಮಿಷದಲ್ಲಿ ನಟ್ಟು ಬಿಗಿಯುತ್ತದೆ, ಆದರೆ ಅದು ಎಷ್ಟು ಬಿಗಿಯಿತು ಎಂದು ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗನ್ನಿನಿಂದ ಕೂರಿಸಿ, ಕೊನೆಯ ಬಿಗಿಯನ್ನು ಟಾರ್ಕ್ ಪಾನಾದಿಂದ ಮಾಡಿ. ಗೊತ್ತುಮಾಡಿದ ಅಳತೆ ಮುಟ್ಟಿದಾಗ ಟಕ್ ಎನ್ನುವ ಈ ಪಾನಾ ಒಂದು ಹೊಸ ಟೈರಿನ ಬೆಲೆಯೊಳಗೆ ಬರುತ್ತದೆ. ಇನ್ನೊಂದು, ದುಡ್ಡು ಎಣಿಸಿಕೊಳ್ಳುವಾಗ ಒಂದು ಮಾತು ಹೇಳಿ: ‘ಅಣ್ಣಾ, ಒಂದ ಖೇಪ ಆದಮ್ಯಾಲೆ ನಟ್ಟ ನೋಡ್ಕೊರಿ, ಇಲ್ಲಾ ಇಲ್ಲೇ ಬರ್ರಿ, ನಾ ನೋಡ್ತೀನಿ.’ ಆ ಮಾತಿಗೆ ರೊಕ್ಕ ಬೀಳುವುದಿಲ್ಲ. ಅದನ್ನು ಹೇಳುವ ಅಂಗಡಿಗೆ ಗಿರಾಕಿ ತಪ್ಪುವುದೂ ಇಲ್ಲ.

ಮಾಲೀಕರೇ, ನಿಮ್ಮ ಮುಂದೆ ಸ್ವಲ್ಪ ಬಿರುಸಾಗಿಯೇ ಮಾತಾಡುತ್ತೇನೆ, ನಾನೂ ನಿಮ್ಮಲ್ಲೊಬ್ಬ ಆದ್ದರಿಂದ. ಗಾಲಿ ಕಳಚಿದಾಗ ‘ಡ್ರೈವರ್ ನೋಡಬೇಕಿತ್ತು’ ಎನ್ನುತ್ತೇವೆ. ಡ್ರೈವರ್ ‘ಮಾಲೀಕರು ಬೋಲ್ಟ ಕೊಡಸಲಿಲ್ಲ’ ಎನ್ನುತ್ತಾನೆ. ಇಬ್ಬರೂ ಸೇರಿ ಪಂಕ್ಚರ್ ಅಂಗಡಿಯ ಕಡೆ ಬೆರಳು ತೋರಿಸುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಈ ಬೆರಳಾಟವನ್ನು ಮೊದಲೇ ಬಲ್ಲದು. ಅಪಾಯ ತರುವ ದೋಷವಿರುವ ವಾಹನವನ್ನಾಗಲಿ ಟ್ರಾಲಿಯನ್ನಾಗಲಿ ರಸ್ತೆಯಲ್ಲಿ ನಡೆಸುವವನ ಜೊತೆಗೆ, ನಡೆಸಲು ಬಿಡುವವನೂ ತಪ್ಪಿತಸ್ಥ ಎನ್ನುತ್ತದೆ ಅದು. ದೋಷ ಗೊತ್ತಿರಲಿಲ್ಲ ಎಂದರೂ ನಡೆಯದು. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ ಸಾಕು. ನಟ್ಟು ನೋಡುವುದಕ್ಕಿಂತ ಸಾಮಾನ್ಯ ಎಚ್ಚರ ಯಾವುದಿದೆ? ಹೇರು ಮಿತಿ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 1990ರ ದಶಕದಲ್ಲಿ ಲಾರಿಗಳಿಂದ ಕಳಚಿದ ಗಾಲಿಗಳು ಎದುರು ಬರುವ ಕಾರುಗಳಿಗೆ ಬಡಿದು ಜನ ಸತ್ತರು. 1997ರಲ್ಲಿ ಅಲ್ಲಿ ಕಾನೂನು ತಂದರು: ಲಾರಿಯಿಂದ ಗಾಲಿ ಕಳಚಿದರೆ ಅದೇ ಅಪರಾಧ, ದಂಡ 2,000ದಿಂದ 50,000 ಡಾಲರ್. ‘ನಾನು ಎಲ್ಲ ಎಚ್ಚರ ವಹಿಸಿದ್ದೆ’ ಎಂಬ ಸಬೂಬನ್ನೂ ಕೋರ್ಟು ಕೇಳಬಾರದು ಎಂದಿತ್ತು ಆ ಕಾನೂನು. ಇಲ್ಲೂ ಹಾಗೇ ಆಗಲಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ಕಠಿಣ ಕಾನೂನು ಬರುವ ಮೊದಲು ಅಲ್ಲಿ ಎಷ್ಟು ಮನೆಗಳ ದೀಪ ಆರಿರಬೇಕು ಎಂದು ಯೋಚಿಸಿ ಎನ್ನುತ್ತೇನೆ.

ಆದ್ದರಿಂದ ಮಾಲೀಕರಲ್ಲಿ ನನ್ನ ಬೇಡಿಕೆ ಮೂರು. ಪ್ರತಿ ಟ್ರ್ಯಾಕ್ಟರಿಗೆ ಅಳತೆಗೆ ಸರಿಹೊಂದುವ ಪಾನಾ, ತಂತಿ ಬ್ರಶ್ಶು, ಒಂದು ಒಳ್ಳೆಯ ಬ್ಯಾಟರಿ, ಐದಾರು ಹೆಚ್ಚುವರಿ ಬೋಲ್ಟು–ನಟ್ಟು ಇಟ್ಟುಕೊಡಿ. ಹಂಗಾಮಿಗೆ ಮೊದಲು ಎಲ್ಲ ಗಾಲಿ ಬಿಚ್ಚಿಸಿ ಬೋಲ್ಟು, ಬೇರಿಂಗು, ಹಬ್ಬಿನ ನಡುವಿನ ನಟ್ಟು, ಅದರ ಪಿನ್ನು ನೋಡಿಸಿ. ಕೆಲವು ಗಾಲಿಗಳು ಸುತ್ತಲಿನ ನಟ್ಟು ಗಟ್ಟಿಯಿದ್ದರೂ ಬೇರಿಂಗು ಸುಟ್ಟು ಹಬ್ಬಿನ ಸಮೇತ ಹೋಗುತ್ತವೆ. ಕೊನೆಯದು, ‘ನಟ್ಟ ನೋಡಾಕ ನಿಂತಿದ್ದೆ, ಅದಕ್ಕ ತಡಾ ಆತು’ ಎಂದು ಹುಡುಗ ಹೇಳಿದರೆ ಬೈಯಬೇಡಿ. ಆ ದಿನ ಅವನಿಗೆ ಚಹಾಕ್ಕೆ ಹತ್ತು ರೂಪಾಯಿ ಹೆಚ್ಚು ಕೊಡಿ.

ಕಾರ್ಖಾನೆಗಳ ಆಡಳಿತ ಮಂಡಳಿಯವರು, ಚಿಕ್ಕೋಡಿಯ ಆರ್‌ಟಿಒ ಅಧಿಕಾರಿಗಳು ಈ ಪತ್ರ ಓದಿದರೆ ಅವರಲ್ಲೂ ಒಂದು ವಿನಂತಿ. ಟ್ರಾಲಿಗಳ ಹಿಂದೆ ರಿಫ್ಲೆಕ್ಟರ್ ಹಚ್ಚುವ ದಿನ ಒಂದು ಟಾರ್ಕ್ ಪಾನಾ, ಒಂದು ಡಬ್ಬಿ ಬಿಳಿ ಬಣ್ಣವನ್ನೂ ಜೊತೆಗೆ ತನ್ನಿ. ಯಾರ್ಡಿನಲ್ಲಿ ಕಾಟಾದ ಹತ್ತಿರ ಆ ಪಾನಾ ಹಂಗಾಮಿಡೀ ಇರಲಿ; ಯಾರು ಬೇಕಾದರೂ ಬಳಸಲಿ. ಉಗಾರದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಇಷ್ಟು ವರ್ಷಗಳಲ್ಲಿ ನಮ್ಮ ಭಾಗ ಕಬ್ಬಿನ ತೂಕದ ಬಗ್ಗೆ, ದರದ ಬಗ್ಗೆ ಎಷ್ಟೋ ಹೋರಾಡಿದೆ, ಹೋರಾಡಬೇಕು ಕೂಡ. ಆ ಕಬ್ಬನ್ನು ಹೊತ್ತು ತರುವ ಗಾಲಿಯ ಬಗ್ಗೆಯೂ ಒಂದು ಮಾತು ಬರಲಿ.

ಇದೆಲ್ಲ ಯಾರಿಗಾಗಿ ಎಂದು ಒಮ್ಮೆ ನೆನೆಯಿರಿ. ನಿಮ್ಮ ಎಡಗಡೆಯ ಗಾಲಿ ಓಡುವುದು ರಸ್ತೆಯ ಅಂಚಿನಲ್ಲಿ. ಅಂಚಿನಲ್ಲಿ ನಡೆಯುವವರು ಯಾರು? ಪಾಟಿಚೀಲ ಹೊತ್ತ ಹುಡುಗರು, ಹುಲ್ಲಿನ ಹೊರೆ ಹೊತ್ತ ಅವ್ವಂದಿರು, ಬೀಡಿ ಎಲೆಯ ಬುಟ್ಟಿ ಹಿಡಿದು ಹೊರಟ ನಿಪ್ಪಾಣಿಯ ಅಕ್ಕಂದಿರು, ಬರಿಗಾಲಲ್ಲಿ ಮಾಯಕ್ಕನ ಕಡೆ ಹೊರಟ ಭಕ್ತರು. ಕಳಚಿದ ಗಾಲಿ ಮೊದಲು ಹೋಗುವುದು ಅವರ ಕಡೆಗೆ.

ಆ ಚಹಾ ಹೊಟೇಲು ಇನ್ನೂ ಇದೆ. ಮುರಿದ ಬೆಂಚಿನ ಬದಲು ನಾನೇ ಒಂದು ಹೊಸ ಬೆಂಚು ಮಾಡಿಸಿಕೊಟ್ಟೆ. ಮೊಣಕಾಲು ನೋವು ಶುರುವಾಗಿ ಸ್ಟೇರಿಂಗ್ ಬಿಟ್ಟ ಮೇಲೆ ವಾರಕ್ಕೊಮ್ಮೆಯಾದರೂ ಅಲ್ಲಿ ಹೋಗಿ ಕೂಡುತ್ತೇನೆ. ನಿಮ್ಮ ಸಾಲು ಬಂದಾಗ ನನ್ನ ಕಣ್ಣು ಕಬ್ಬಿನ ಮೇಲೆ ಹೋಗುವುದಿಲ್ಲ, ಎಡಗಡೆಯ ಗಾಲಿಯ ಮೇಲೆ ಹೋಗುತ್ತದೆ. ಈ ಹಂಗಾಮಿನಲ್ಲಿ ನಿಮ್ಮ ನಟ್ಟುಗಳ ಮೇಲೆ ಬಿಳಿ ಗೆರೆ ಕಂಡರೆ ಎದ್ದು ನಿಂತು ಕೈ ಎತ್ತುತ್ತೇನೆ. ಯಾರೋ ಮುದುಕ ಎಂದು ಹಾಗೇ ಹೋಗಬೇಡಿ, ಒಂದು ಹಾರ್ನ್ ಹೊಡೆಯಿರಿ. ಪುರುಸೊತ್ತಿದ್ದರೆ ಇಳಿಯಿರಿ. ಮೊದಲು ನಟ್ಟಿಗೆ ಕೈ ಹಚ್ಚಿ, ಆಮೇಲೆ ಚಹಾ. ಚಹಾದ ರೊಕ್ಕ ನನ್ನದು.

ಹಂಗಾಮು ಎಲ್ಲರಿಗೂ ಸುಖವಾಗಿ ಸಾಗಲಿ.

ಇಂತಿ ನಿಮ್ಮ ವಿಶ್ವಾಸಿ,
ಹದಿನಾಲ್ಕು ಹಂಗಾಮು ಟ್ರ್ಯಾಕ್ಟರ್ ಹೊಡೆದ ಒಬ್ಬ ಕಬ್ಬು ಬೆಳೆಗಾರ
ಚಿಕ್ಕೋಡಿ ತಾಲೂಕು, ಬೆಳಗಾವಿ ಜಿಲ್ಲೆ